ಜೋಳಕ್ಕೆ ರೇಡಿಯೋ ಕಾವಲು

ದೇವರು ರಕೂನ್ ಎಂಬ ಪ್ರಾಣಿಯನ್ನು ಯಾಕಾಗಿ ಸೃಷ್ಟಿಸಿದ ಎಂದು ವೆಂಡೆಲ್ ಪ್ರತಿವರ್ಷ ಆಗಸ್ಟ್ ತಿಂಗಳಲ್ಲಿ ಕೇಳುತ್ತಿದ್ದ. ಉಳಿದ ತಿಂಗಳುಗಳಲ್ಲಿ ಸೃಷ್ಟಿಯ ಬಗ್ಗೆ ಅವನಿಗೆ ಅಂಥ ತಕರಾರೇನೂ ಇರಲಿಲ್ಲ.

ಬೆಕ್ಕಿಗಿಂತ ದೊಡ್ಡದು, ನಾಯಿಗಿಂತ ಚಿಕ್ಕದು. ಕಣ್ಣಿನ ಸುತ್ತ ಕಪ್ಪು ಪಟ್ಟಿ, ಕಳ್ಳತನಕ್ಕೆ ಹೊರಟವನು ಮುಖ ಮುಚ್ಚಿಕೊಂಡ ಹಾಗೆ. ಬಾಲಕ್ಕೆ ಬಳೆ ತೊಡಿಸಿದಂತೆ ಪಟ್ಟೆ. ಇಷ್ಟು ಸಾಲದೆಂದು ದೇವರು ಅದಕ್ಕೆ ಮನುಷ್ಯರ ಹಾಗೆ ಬೆರಳಿರುವ ಕೈ ಬೇರೆ ಕೊಟ್ಟುಬಿಟ್ಟಿದ್ದಾನೆ. ಆ ಕೈಯಿಂದ ಅದು ಮುಸುಕಿನ ಜೋಳದ ತೆನೆ ಸುಲಿಯುವ ಅಚ್ಚುಕಟ್ಟು ನೋಡಿ ವೆಂಡೆಲ್‌ನ ಹೆಂಡತಿ ಮೇವಿಸ್ ಒಂದು ಸಲ ಹೇಳಿದ್ದಳು: “ಅಡುಗೆಮನೆ ಕೆಲಸಕ್ಕೆ ಇದನ್ನೇ ಇಟ್ಕೋಬಹುದು ಕಣಯ್ಯ. ನಿನಗಿಂತ ಎಷ್ಟೋ ವಾಸಿ.”

ಅವರಿದ್ದದ್ದು ಅಮೆರಿಕದ ಅಯೋವಾದಲ್ಲಿರುವ ನಮ್ಮ ಸಣ್ಣ ಊರಿನಲ್ಲಿ. ಊರಿನ ಅಂಚಿನಿಂದ ಆಕಾಶದ ಅಂಚಿನವರೆಗೂ ಜೋಳವೇ ಜೋಳ. ಆದರೆ ಅದು ಹಂದಿ ತಿನ್ನುವ ಜೋಳ. ಅಷ್ಟನ್ನೂ ದಾಟಿಕೊಂಡು, ಎರಡು ರಸ್ತೆ ದಾಟಿಕೊಂಡು, ವೆಂಡೆಲ್‌ನ ಹಿತ್ತಿಲಿನ ನಾಲ್ಕು ಸಾಲು ಸಿಹಿಜೋಳಕ್ಕೇ ಆ ಪ್ರಾಣಿ ಬರುತ್ತಿತ್ತು. ತೆನೆ ಬಲಿತದ್ದು ಅದಕ್ಕೆ ವೆಂಡೆಲ್‌ಗಿಂತ ಒಂದು ದಿನ ಮುಂಚೆ ತಿಳಿಯುತ್ತಿತ್ತು. ನಾಳೆ ಕೀಳೋಣ ಎಂದು ಇವನು ಮಲಗಿದರೆ, ಇವತ್ತೇ ಕೀಳೋಣ ಎಂದು ಅದು ಸಂಸಾರ ಸಮೇತ ಹೊರಡುತ್ತಿತ್ತು. ಬೆಳಿಗ್ಗೆ ನೋಡಿದರೆ ದಂಟುಗಳು ನೆಲಕ್ಕೊರಗಿ, ಒಂದೊಂದು ಕಡೆ ಕಚ್ಚಿ ಬಿಸಾಡಿದ ತೆನೆಗಳು ಬಿದ್ದಿರುತ್ತಿದ್ದವು. ಪೂರ್ತಿ ತಿಂದಿದ್ದರೆ ವೆಂಡೆಲ್ ಹೇಗೋ ಸಹಿಸುತ್ತಿದ್ದ. ರುಚಿ ನೋಡಿ ಬಿಟ್ಟುಹೋದದ್ದು ಅವನ ಕರುಳಿಗೆ ತಾಗುತ್ತಿತ್ತು.

ಕರುಳಿಗಿಂತ ಹೆಚ್ಚಾಗಿ ಅದು ತಾಗುತ್ತಿದ್ದದ್ದು ಮಾನಕ್ಕೆ. ಆಗಸ್ಟ್ ತಿಂಗಳಲ್ಲೇ ಒಂದು ಭಾನುವಾರ ಮೇವಿಸ್‌ಳ ತವರಿನ ಬಳಗವೆಲ್ಲ ಇವರ ಹಿತ್ತಿಲಲ್ಲಿ ಊಟಕ್ಕೆ ಸೇರುತ್ತಿತ್ತು. ಅವಳ ಅಣ್ಣ ಲೈಲ್, ಊರಾಚೆ ಟೈರಿನ ಅಂಗಡಿ ಇಟ್ಟಿರುವ, ಟೈರಿನಷ್ಟೇ ದಪ್ಪ ಚರ್ಮದ ಮನುಷ್ಯ, ಕಳೆದ ವರ್ಷ ಅಂಗಡಿಯಿಂದ ತಂದ ಜೋಳವನ್ನು ಎತ್ತಿ ಹಿಡಿದು, “ವೆಂಡೆಲ್‌ನ ರಕೂನ್‌ಗಳು ಕಳಿಸಿದ ವಂದನೆ” ಎಂದು ಎಲ್ಲರಿಗೂ ತೋರಿಸಿದ್ದ. ನಗು ಕೇಳಿ ಬೀದಿ ನಾಯಿ ಎದ್ದು ಹೋಯಿತು. ವೆಂಡೆಲ್ ಎದ್ದು ನಿಂತು ಘೋಷಿಸಿದ: “ಮುಂದಿನ ವರ್ಷ ಈ ಮೇಜಿನ ಮೇಲಿರೋ ಒಂದೊಂದು ತೆನೆನೂ ನನ್ನ ಹಿತ್ತಿಲದ್ದೇ. ಬರೆದಿಟ್ಕೋ ಲೈಲ್.”

(ಭೀಷ್ಮನಿಗಾದರೂ ಶಪಥ ಮಾಡುವಾಗ ಹೆಂಡತಿ ಇರಲಿಲ್ಲ. ಇವನಿಗೆ ಪಕ್ಕದಲ್ಲೇ ಇದ್ದಳು. “ಕೂತ್ಕೊಳಯ್ಯಾ, ಆಲೂಗಡ್ಡೆ ಆರತ್ತೆ” ಅಂದಳು.)

ಶಾಲೆಯ ಬಸ್ಸು ಓಡಿಸಿ ನಿವೃತ್ತನಾದ ಮನುಷ್ಯ, ಮಕ್ಕಳನ್ನು ಹಿಡಿತದಲ್ಲಿಟ್ಟವನಿಗೆ ಜೋಳ ಯಾವ ಲೆಕ್ಕ? ಈ ವರ್ಷ ಬೇಸಿಗೆಯಿಡೀ ಅವನು ಹಿತ್ತಿಲಲ್ಲೇ ಬಿಡಾರ ಹೂಡಿದ. ಕಳೆ ಕಿತ್ತ. ನೀರಿನ ಪೈಪು ಗಂಟು ಹಾಕಿಕೊಂಡರೆ ಬಿಡಿಸಿದ. ಬಿಡಿಸುವಾಗ ಅದು ಅವನಿಗೇ ಸ್ನಾನ ಮಾಡಿಸಿತು. ಬೀನ್ಸ್‌ಗೆ ಕೋಲು ನೆಟ್ಟ. ಬೀನ್ಸ್ ಅದನ್ನು ಬಿಟ್ಟು ಮೇವಿಸ್ ಬಟ್ಟೆ ಒಣಹಾಕುವ ಹಗ್ಗ ಹತ್ತಿತು. ಇದೆಲ್ಲ ಆಗಿ ಆಗಸ್ಟ್ ಬರುವ ಹೊತ್ತಿಗೆ ಜೋಳ ಆಳೆತ್ತರ ನಿಂತಿತ್ತು. ಭಾನುವಾರಕ್ಕೆ ಸರಿಯಾಗಿ ಬಲಿಯುವ ಹಾಗಿತ್ತು. ಅಂದರೆ ರಕೂನಿನ ಪಂಚಾಂಗದ ಪ್ರಕಾರ ಶನಿವಾರಕ್ಕೆ.

ಊರಿನ ಕಾಫಿ ಅಂಗಡಿಯಲ್ಲಿ ಬೆಳಗಿನ ಹೊತ್ತು ಸೇರುವ ನಿವೃತ್ತರಲ್ಲಿ ರಕೂನಿಗೆ ಮದ್ದು ಗೊತ್ತಿಲ್ಲದವನು ಒಬ್ಬನೂ ಇರಲಿಲ್ಲ. ಮೆಣಸಿನ ಪುಡಿ ಎರಚು ಎಂದ ಒಬ್ಬ. ಎರಚಿದ, ಗಾಳಿ ತಿರುಗಿತು, ವೆಂಡೆಲ್ ಸಂಜೆಯವರೆಗೂ ಸೀನಿದ. ಕ್ಷೌರದಂಗಡಿಯ ಕೂದಲು ಚೆಲ್ಲು, ಮನುಷ್ಯರ ವಾಸನೆಗೆ ಹೆದರುತ್ತದೆ ಎಂದ ಇನ್ನೊಬ್ಬ. ಚೆಲ್ಲಿದ. “ತೋಟದಲ್ಲಿ ಯಾರನ್ನೋ ಬೋಳಿಸಿ ಹೂತಿಟ್ಟ ಹಾಗಿದೆ,” ಎಂದಳು ಮೇವಿಸ್. ಕೊನೆಗೆ ಮೂಲೆಯಲ್ಲಿ ಕೂತಿದ್ದ ಮೂರನೆಯವನು, “ರೇಡಿಯೋ ಇಡು ಮಾರಾಯ,” ಅಂದ. “ಜೋಳದ ಮಧ್ಯೆ. ಹಾಡು ಹಾಕ್ಬೇಡ, ಹಾಡಂದ್ರೆ ಅವಕ್ಕೆ ಇಷ್ಟ, ಕುಟುಂಬ ಕರ್ಕೊಂಡು ಬರ್ತವೆ. ಮಾತು ಹಾಕು. ಮನುಷ್ಯರು ಜಗಳ ಆಡ್ತಿದಾರೆ ಅಂದ್ರೆ ಯಾವ ಪ್ರಾಣಿನೂ ಹತ್ತಿರ ಬರಲ್ಲ.”

ಮನೆಯಲ್ಲಿದ್ದದ್ದು ಒಂದೇ ರೇಡಿಯೋ. ಅದು ಅಡುಗೆಮನೆಯ ಕಿಟಕಿಯಲ್ಲಿ ಕೂತು ಪ್ರತಿದಿನ ಬೆಳಿಗ್ಗೆ ಒಂಬತ್ತಕ್ಕೆ ಮೇವಿಸ್‌ಗೆ ‘ಬೇಕು-ಬೇಡ’ ಕೇಳಿಸುತ್ತಿತ್ತು. ‘ಬೇಕು-ಬೇಡ’ ಎಂದರೆ ನಮ್ಮ ಕಡೆಯ ಸಣ್ಣ ರೇಡಿಯೋ ಕೇಂದ್ರದ ದೊಡ್ಡ ಕಾರ್ಯಕ್ರಮ. ಯಾರಿಗೆ ಏನು ಬೇಕು, ಯಾರಿಗೆ ಏನು ಬೇಡ, ಫೋನು ಮಾಡಿ ಹೇಳಬಹುದು. ಹಳೇ ತೊಟ್ಟಿಲು, ಒಂಟಿ ಟ್ರ್ಯಾಕ್ಟರ್ ಚಕ್ರ, ಬೆಕ್ಕಿನ ಮರಿ, ಎಲ್ಲ ಅಲ್ಲಿಯೇ ಕೈ ಬದಲಾಯಿಸುತ್ತವೆ. ಆ ಹೊತ್ತಿನಲ್ಲಿ ಊರಿಗೆ ಬೆಂಕಿ ಬಿದ್ದರೂ ಮೊದಲು ಅದನ್ನು ನಡೆಸುವ ಡುವೇನ್‌ಗೆ ಫೋನು ಮಾಡಬೇಕು, ಆಮೇಲೆ ಬೆಂಕಿ ಆರಿಸುವವರಿಗೆ.

“ರೇಡಿಯೋ ಮುಟ್ಟಿದ್ಯೋ, ನೋಡು,” ಎಂದಳು ಮೇವಿಸ್.

“ಭಾನುವಾರದವರೆಗೆ ಮಾತ್ರ, ಮಾರಾಯ್ತಿ.”

“ನಿನ್ನ ಜೋಳಕ್ಕೆ ಕಾಲಕ್ಷೇಪ ಬೇಕಾದ್ರೆ ನೀನೇ ಹೋಗಿ ಮಾತಾಡು. ನಲವತ್ತು ವರ್ಷದಿಂದ ಕೇಳಿ ಕೇಳಿ ನಾನೇ ಓಡಿಹೋಗೋ ಹಾಗಾಗಿದೆ, ರಕೂನ್ ಓಡಲ್ವಾ?”

“ಇದು ನನ್ನ ಮರ್ಯಾದೆ ಪ್ರಶ್ನೆ ಮೇವಿಸ್.”

“ಮರ್ಯಾದೆನ ಯಾಕೆ ಜೋಳದ ಜೊತೆ ನೆಟ್ಟೆ? ಬೇರೆ ಜಾಗ ಇರಲಿಲ್ವಾ?”

ಆದರೂ ಅವಳು ಬಿಟ್ಟುಕೊಟ್ಟಳು. ವೆಂಡೆಲ್‌ನ ಮುಖ ನೋಡಿದರೆ ಯಾರಾದರೂ ಬಿಟ್ಟುಕೊಡುತ್ತಿದ್ದರು.

ಬುಧವಾರ ಸಂಜೆ ರೇಡಿಯೋದ ಪಟ್ಟಾಭಿಷೇಕವಾಯಿತು. ಗ್ಯಾರೇಜಿನಿಂದ ಉದ್ದನೆಯ ವೈರು ಎಳೆದು, ಜೋಳದ ನಡುವೆ ಬಕೆಟ್ಟು ಬೋರಲು ಹಾಕಿ, ಅದರ ಮೇಲೆ ರೇಡಿಯೋ ಕೂರಿಸಿ, ಮಂಜು ಬೀಳದಂತೆ ಬ್ರೆಡ್ಡಿನ ಪ್ಲಾಸ್ಟಿಕ್ ಚೀಲ ತೊಡಿಸಿ, ದನಿಯನ್ನು ತಿರುಗಿಸಬಹುದಾದಷ್ಟೂ ತಿರುಗಿಸಿದ. ರಾತ್ರಿಯಿಡೀ ಇಬ್ಬರು ಗಂಡಸರು ತೆರಿಗೆ, ಮೀನು ಹಿಡಿಯುವುದು ಮತ್ತು ಹಂದಿಯ ಧಾರಣೆಯ ಮೇಲೆ ಕಿತ್ತಾಡಿದರು. ಮೇವಿಸ್ ತಲೆದಿಂಬನ್ನು ತಲೆಯ ಕೆಳಗಿನಿಂದ ತೆಗೆದು ಮೇಲೆ ಇಟ್ಟುಕೊಂಡಳು. ಬೇಲಿಯಾಚೆಯ ಮನೆಯ ಮುದುಕಿ ಆರ್ಡಿತ್ ಬೆಳಿಗ್ಗೆ ಜಗಳಕ್ಕೇ ಬರುತ್ತಾಳೆ ಎಂದು ವೆಂಡೆಲ್ ಹೆದರಿದ್ದ. ಅವಳು ಮಡಿಸುವ ಕುರ್ಚಿ ತಂದು ಬೇಲಿಯ ಪಕ್ಕ ಹಾಕಿಕೊಂಡು, “ಆಫ್ ಮಾಡ್ಬೇಡ ಕಣೋ. ಹಂದಿ ಧಾರಣೆ ಕೇಳ್ತಾ ಎಷ್ಟು ಚೆನ್ನಾಗಿ ನಿದ್ದೆ ಬಂತು ಗೊತ್ತಾ,” ಎಂದಳು.

ಜೋಳ ಹಾಗೇ ನಿಂತಿತ್ತು. ಗುರುವಾರ ರಾತ್ರಿ ಕಳೆದರೂ ನಿಂತಿತ್ತು. ಒಂದು ದಂಟು ಬಾಗಿರಲಿಲ್ಲ. ವೆಂಡೆಲ್‌ನ ನಡಿಗೆಯೇ ಬದಲಾಯಿತು. ಹಾಲು ತರಲು ಹೋದರೂ ಗೆದ್ದು ಬಂದ ದಂಡನಾಯಕನ ಹಾಗೆ ಹೋಗುತ್ತಿದ್ದ.

ಶುಕ್ರವಾರ ಬೆಳಿಗ್ಗೆ ಅವನು ಕಾಫಿಗೆ ಹೋಗಲಿಲ್ಲ. ಜಪಾನಿ ಜೀರುಂಡೆಗಳು ತೆನೆಯ ಜುಟ್ಟು ಮೇಯಲು ಶುರು ಮಾಡಿದ್ದವು. ಡಬ್ಬಿಯಲ್ಲಿ ಸಾಬೂನು ನೀರು ಹಿಡಿದು, ಸಾಲುಗಳ ಮಧ್ಯೆ ಕುಕ್ಕರಗಾಲಲ್ಲಿ ಕೂತು, ಒಂದೊಂದನ್ನೇ ಹಿಡಿದು ಮುಳುಗಿಸುತ್ತಿದ್ದ. ಅವನು ಮನೆಯಲ್ಲಿಲ್ಲ ಎಂದೇ ಮೇವಿಸ್ ತಿಳಿದಿದ್ದಳು. ನೆತ್ತಿಯ ಪಕ್ಕದಲ್ಲೇ ರೇಡಿಯೋ ಅಬ್ಬರಿಸುತ್ತಿತ್ತು. ಡುವೇನ್‌ನ ‘ಬೇಕು-ಬೇಡ’ ಶುರುವಾಗಿ, ಯಾರದೋ ಕೋಳಿಗೂಡು ಯಾರಿಗೋ ಹೋಗಿ, ಮುಂದಿನ ಫೋನು ಬಂತು.

“ಹೇಳಿ, ಯಾರು ಮಾತಾಡ್ತಿರೋದು?”

“ಹೆಸರು ಬೇಡ ಡುವೇನ್. ಈ ಊರಿನ ಒಬ್ಬ ಗೃಹಿಣಿ ಅಂದ್ಕೊಳ್ಳಿ.”

“ಸರಿ ಮೇವಿಸ್, ಹೇಳಿ.”

ವೆಂಡೆಲ್‌ನ ಕೈಯಲ್ಲಿದ್ದ ಜೀರುಂಡೆ ಹಾರಿಹೋಯಿತು.

“ಮೊದಲು ನಿಮ್ಮ ರೇಡಿಯೋ ಸಣ್ಣ ಮಾಡಿ ಮೇವಿಸ್, ಹಿಂದೆ ಕುಯ್ಯೋ ಅಂತಿದೆ.”

“ಅದು ನನ್ನ ಕೈಲಿಲ್ಲ ಡುವೇನ್. ಜೋಳದ ಮಧ್ಯೆ ಇದೆ. ನೋಡಿ, ನನಗೆ ಭಾನುವಾರಕ್ಕೆ ಐದಾರು ಡಜನ್ ಸಿಹಿಜೋಳ ಬೇಕು. ಬದಲಿಗೆ ನನ್ನ ಬೀಟ್‌ರೂಟ್ ಉಪ್ಪಿನಕಾಯಿ ಕೊಡ್ತೀನಿ. ಹಿತ್ತಿಲ ಕಡೆ ಬರಬಾರದು, ಮುಂಬಾಗಿಲಿಗೇ ತರಬೇಕು, ಅದೂ ಅವನು ಕಾಫಿಗೆ ಹೋದಾಗ.”

“ವೆಂಡೆಲ್ ಜೋಳ ಹಾಕಿದಾರಲ್ಲ?”

“ಹಾಕಿದಾನೆ. ಪಾಪ, ಮಗು ಸಾಕಿದ ಹಾಗೆ ಸಾಕಿದಾನೆ. ಆದ್ರೆ ಶನಿವಾರ ರಕೂನ್ ಬರತ್ತೆ ಡುವೇನ್. ಯಾವಾಗ್ಲೂ ಬರತ್ತೆ. ಭಾನುವಾರ ಬೆಳಿಗ್ಗೆ ಅವನ ಮುಖ ನೋಡೋಕೆ ನನ್ನ ಕೈಲಾಗಲ್ಲ. ಅವನು ಏಳೋ ಮುಂಚೆ ಬುಟ್ಟಿ ತುಂಬಿಸಿಟ್ಟು, ರಾತ್ರಿ ನಾನೇ ಕಿತ್ತಿಟ್ಟೆ ಅಂದುಬಿಡ್ತೀನಿ. ಅವನಿಗೆ ಗೊತ್ತಾಗಬಾರದು, ಅಷ್ಟೇ.”

“ಖಂಡಿತ ಗೊತ್ತಾಗಲ್ಲ,” ಎಂದ ಡುವೇನ್, ಸುತ್ತಲಿನ ಮೂರು ಜಿಲ್ಲೆಗಳಿಗೂ ಕೇಳುವಂತೆ.

ವೆಂಡೆಲ್ ಅಲ್ಲೇ ಮಣ್ಣಿನ ಮೇಲೆ ಕೂತುಬಿಟ್ಟ. ಹೆಂಡತಿ ತನ್ನ ಮುಖಕ್ಕಾಗಿ ಉಪ್ಪಿನಕಾಯಿ ಬಾಟಲಿಗಳನ್ನು ತ್ಯಾಗ ಮಾಡುತ್ತಿದ್ದಾಳೆ. ಆದರೆ ಅವಳಿಗೆ ತನ್ನ ಜೋಳದ ಮೇಲೆ ಒಂದು ಕಾಳಿನಷ್ಟೂ ನಂಬಿಕೆಯಿಲ್ಲ. ಅವಳನ್ನು ಅಪ್ಪಿಕೊಳ್ಳಬೇಕೋ, ಬೈಯಬೇಕೋ ತಿಳಿಯಲಿಲ್ಲ. ಬೇಲಿಯಾಚೆಯಿಂದ ಆರ್ಡಿತ್, “ನಿನ್ನ ಹೆಂಡ್ತಿ ಒಳ್ಳೆಯವಳು ಕಣೋ ವೆಂಡೆಲ್. ಬೀಟ್‌ರೂಟ್ ಉಪ್ಪಿನಕಾಯಿ ಅಂದ್ರೆ ಸುಮ್ನೇನಾ?” ಎಂದಳು. ಆಗ ಅವನಿಗೆ ಅರ್ಥವಾಯಿತು, ಊರೆಲ್ಲ ಕೇಳಿದೆ. ಲೈಲ್‌ನ ಟೈರಿನ ಅಂಗಡಿಯಲ್ಲೂ ಇದೇ ರೇಡಿಯೋ ಹಾಕಿರುತ್ತಾರೆ.

ಮುಂಬಾಗಿಲಿನ ಸದ್ದಾಯಿತು. ಮೇವಿಸ್ ಭಾನುವಾರಕ್ಕೆ ತಲೆಗೂದಲು ಸುರುಳಿ ಮಾಡಿಸಿಕೊಳ್ಳಲು ಹೊರಟಳು. ಕಾರು ತಿರುವು ದಾಟುವುದೇ ತಡ, ವೆಂಡೆಲ್ ಕೆಸರಿನ ಬೂಟುಗಳ ಸಮೇತ ಅಡುಗೆಮನೆಗೆ ನುಗ್ಗಿ (ಈ ಅಪರಾಧದ ವಿಚಾರಣೆ ಪ್ರತ್ಯೇಕವಾಗಿ ನಡೆಯಿತು, ಇಲ್ಲಿ ಬೇಡ) ಗೋಡೆಯ ಫೋನು ತೆಗೆದ.

“ಡುವೇನ್, ನಾನು ಆ ಗಂಡ.”

“ನಮಸ್ಕಾರ ವೆಂಡೆಲ್! ರೇಡಿಯೋ ಸಣ್ಣ ಮಾಡಿ. ನಿಮಗೆ ಬೇಕೋ, ಬೇಡವೋ?”

“ಬೇಡ! ನಮ್ಮ ಮನೆಗೆ ಯಾರೂ ಜೋಳ ತರೋದು ಬೇಡ. ನನ್ನ ಜೋಳ ನಿಂತಿದೆ. ಒಂದು ತೆನೆ ಹೋಗಿಲ್ಲ. ಅನುಮಾನ ಇದ್ದೋರು ಬಂದು ನೋಡಬಹುದು. ನೋಡೋದೇನು, ಕಿತ್ಕೊಂಡು ತಿನ್ನಬಹುದು. ಒಬ್ಬರಿಗೆ ಒಂದು ತೆನೆ!”

ನಮ್ಮೂರಿನವರು ಸಂಕೋಚದ ಜನ. ಒಬ್ಬರ ಮನೆಯಲ್ಲಿ ಕಾಫಿ ಕೊಟ್ಟರೂ ಮೂರು ಸಲ ಬೇಡವೆಂದು ಆಮೇಲೆ ಕುಡಿಯುತ್ತಾರೆ. ಆದರೆ ಬಿಟ್ಟಿ ಸಿಹಿಜೋಳ ಎಂದರೆ ಅದು ಬೇರೆ ವಿಷಯ. ವೆಂಡೆಲ್ ಫೋನು ಇಟ್ಟು ಬೂಟಿನ ಗುರುತು ಒರೆಸುವಷ್ಟರಲ್ಲಿ ಮೊದಲ ಕಾರು ಬಂತು. ಆಮೇಲೆ ಅವು ಬರುತ್ತಲೇ ಇದ್ದವು. ಕಾಫಿ ಅಂಗಡಿಯ ನಿವೃತ್ತರೆಲ್ಲ ಬಂದರು. ಪಾದ್ರಿ ಬಂದ. ಕೂದಲು ಮಾಡಿಸಿಕೊಳ್ಳುತ್ತಿದ್ದ ಹೆಂಗಸರು ತಲೆಗೆ ಸುರುಳಿ ಸುತ್ತಿಕೊಂಡೇ ಬಂದರು. (ಮೇವಿಸ್ ಮಾತ್ರ ಅಲ್ಲಿ ಕೂದಲು ಒಣಗಿಸುವ ಯಂತ್ರದೊಳಗೆ ತಲೆ ಇಟ್ಟುಕೊಂಡು ಕೂತಿದ್ದಳು. ಅದರ ಸದ್ದಿಗೆ ಏನೂ ಕೇಳಿಸದೆ, ಅಂಗಡಿ ಯಾಕೆ ಖಾಲಿಯಾಯಿತು ಎಂದು ಪತ್ರಿಕೆಯ ಮೇಲಿಂದ ನೋಡುತ್ತಿದ್ದಳು.)

ವೆಂಡೆಲ್ ಮೊದಲಿಗೆ ಒಬ್ಬರಿಗೆ ಒಂದು ತೆನೆಯನ್ನೇ ಕೊಟ್ಟ. ಆದರೆ ಹೊಗಳಿಕೆ ಬಹಳ ಕೆಟ್ಟದ್ದು. “ಎಷ್ಟು ತುಂಬಿಕೊಂಡಿದೆ!” ಎಂದವರಿಗೆ ಎರಡು ಕೊಟ್ಟ. “ನಮ್ಮಪ್ಪನ ಕಾಲದ ಜೋಳದ ಹಾಗಿದೆ,” ಎಂದವರಿಗೆ ನಾಲ್ಕು ಕೊಟ್ಟ. ಪಾದ್ರಿ ಏನೂ ಹೇಳದೆ ಕಣ್ಣು ಮುಚ್ಚಿ ತಲೆಯಾಡಿಸಿದ, ಅವನಿಗೆ ಬುಟ್ಟಿಯನ್ನೇ ಕೊಟ್ಟ. ನಡುವೆ ಒಮ್ಮೆ ಸಾಲುಗಳ ಕಡೆ ನೋಡಿದಾಗ ಎರಡು ಆಗಲೇ ಬರಿದಾಗಿದ್ದವು. ಆದರೂ ಉಳಿದೆರಡು ತುಂಬಿ ನಿಂತಿದ್ದವು, ಭಾನುವಾರಕ್ಕೆ ಧಾರಾಳ ಸಾಕು. ಇನ್ನು ಕೊಡುವುದಿಲ್ಲ ಎಂದು ಗೇಟಿನ ಕಡೆ ಹೆಜ್ಜೆ ಹಾಕಿದ.

ಗೇಟಿನಲ್ಲಿ ಲೈಲ್ ನಿಂತಿದ್ದ.

“ಒಬ್ಬರಿಗೆ ಒಂದು ಅಂದ್ಯಂತೆ,” ಎಂದ ಲೈಲ್.

ವೆಂಡೆಲ್ ಎಲ್ಲಕ್ಕಿಂತ ದಪ್ಪನೆಯ ತೆನೆ ಕಿತ್ತು, ಸುಲಿದು ಕೊಟ್ಟ. ಲೈಲ್ ಹಸಿಯದನ್ನೇ ಕಚ್ಚಿದ. ನಿಧಾನವಾಗಿ ಅಗಿದ. ಆಕಾಶ ನೋಡಿದ. ಬಾಯಿ ಒರೆಸಿಕೊಂಡ.

“ಪರವಾಗಿಲ್ಲ,” ಎಂದ.

ನಲವತ್ತು ವರ್ಷದಲ್ಲಿ ಲೈಲ್ ವೆಂಡೆಲ್‌ನ ಯಾವುದನ್ನೂ ಪರವಾಗಿಲ್ಲ ಎಂದವನಲ್ಲ. ಅವನ ಕಾರನ್ನು ಅನ್ನಲಿಲ್ಲ, ಮನೆಯನ್ನು ಅನ್ನಲಿಲ್ಲ, ಮದುವೆಯ ದಿನ ಹೊಸ ಸೂಟಿನಲ್ಲಿ ನಿಂತಿದ್ದ ಅವನನ್ನೇ ಅನ್ನಲಿಲ್ಲ. ವೆಂಡೆಲ್ ಇನ್ನೊಂದು ತೆನೆ ಕಿತ್ತ.

“ಪರವಾಗಿಲ್ವಾ? ಇನ್ನೊಂದು ತಿನ್ನು!”

“ನಿಜ ಹೇಳ್ಬೇಕಂದ್ರೆ,” ಎಂದ ಲೈಲ್ ಎರಡನೆಯದನ್ನು ಕಚ್ಚುತ್ತ, “ನಾನು ಇದಕ್ಕಿಂತ ಒಳ್ಳೇದು ತಿಂದಿಲ್ಲ.”

ಮುಂದೆ ನಡೆದದ್ದು ವೆಂಡೆಲ್‌ಗೆ ಅಷ್ಟು ಸ್ಪಷ್ಟವಾಗಿ ನೆನಪಿಲ್ಲ. ಗ್ಯಾರೇಜಿನಿಂದ ಗೋಣಿಚೀಲ ತಂದದ್ದು ಯಾರೆಂದು ಕೇಳಿದರೆ ಅವನೇ. ತುಂಬಿದವನೂ ಅವನೇ. ಸಾಕು ಸಾಕು ಎಂದು ಲೈಲ್ ಅನ್ನುತ್ತಿದ್ದ, ಅನ್ನುತ್ತಲೇ ಚೀಲದ ಬಾಯಿ ಅಗಲಿಸಿ ಹಿಡಿದಿದ್ದ. “ಹೆಂಡ್ತಿಗೆ ಕೊಡು, ಅಂಗಡಿ ಹುಡುಗರಿಗೆ ಕೊಡು,” ಎಂದು ವೆಂಡೆಲ್ ಕಿತ್ತು ಕಿತ್ತು ಹಾಕಿದ. ಚೀಲಗಳನ್ನು ಟ್ರಕ್ಕಿಗೆ ಎತ್ತಿಕೊಟ್ಟು, ಟ್ರಕ್ಕಿನ ಬೆನ್ನು ತಟ್ಟಿ, ಅದು ಕಾಣದಾಗುವವರೆಗೂ ಕೈ ಬೀಸಿದ.

ಮೇವಿಸ್ ಸುರುಳಿ ಸುರುಳಿ ತಲೆಯೊಂದಿಗೆ ಬಂದು ಹಿತ್ತಿಲ ಬಾಗಿಲಲ್ಲಿ ನಿಂತಳು. ಬರಿದಾದ ದಂಟುಗಳ ನಡುವೆ ಬಕೆಟ್ಟಿನ ಮೇಲೆ ರೇಡಿಯೋ ಒಂದೇ ಕೂತು ಮಧ್ಯಾಹ್ನದ ಹಂದಿ ಧಾರಣೆ ಹೇಳುತ್ತಿತ್ತು.

“ರಕೂನ್ ಬಂತಾ?” ಎಂದಳು ಮೆಲ್ಲಗೆ.

“ಇಲ್ಲ.”

“ಮತ್ತೆ?”

“ಊರು ಬಂತು.”

ಅವನು ಎಲ್ಲವನ್ನೂ ಹೇಳಿದ. ಅವಳು ಮೆಟ್ಟಿಲ ಮೇಲೆ ಕೂತು ಕೇಳಿದಳು. ಅವಳ ಫೋನಿನ ಮಾತು ತಾನು ಕೇಳಿಸಿಕೊಂಡದ್ದನ್ನು ಹೇಳಿದಾಗ ಅವಳ ಕಿವಿ ಕೆಂಪಾಯಿತು. ಲೈಲ್‌ನ ಚೀಲದ ವಿಷಯಕ್ಕೆ ಬಂದಾಗ ಉಳಿದ ಮುಖವೂ ಕೆಂಪಾಯಿತು.

“ಊರಿಗೆ ಉಪಕಾರಿ, ಮನೆಗೆ ಮಾರಿ,” ಎಂದಳು. “ರಕೂನೇ ವಾಸಿಯಾಗಿತ್ತಲ್ಲಯ್ಯಾ. ಅದಕ್ಕೆ ಹೊಗಳೋಕಾದ್ರೂ ಬರ್ತಿರಲಿಲ್ಲ.”

ಶನಿವಾರವಿಡೀ ಇಬ್ಬರೂ ಕಾರಿನಲ್ಲಿ ಜೋಳ ಹುಡುಕಿದರು. ಹೆದ್ದಾರಿಯ ಪಕ್ಕದ ತರಕಾರಿ ಮಳಿಗೆಯಲ್ಲಿ ‘ಜೋಳ ಮುಗಿದಿದೆ’ ಎಂಬ ಹಲಗೆ ನೇತಾಡುತ್ತಿತ್ತು. ಆಚೆ ಹಳ್ಳಿಯ ರೈತನೊಬ್ಬ, “ನಿಮಗೇ ಅಂತ ಗಾಡಿಗೆ ತುಂಬಿಸಿದ್ದೆ ಮೇವಿಸ್,” ಎಂದು ಪೇಚಾಡಿದ. “ಅಷ್ಟರಲ್ಲಿ ನಿಮ್ಮೆಜಮಾನ್ರು ಬೇಡ ಅಂದ್ರಲ್ಲ ರೇಡಿಯೋದಲ್ಲಿ. ಎಷ್ಟು ಜೋರಾಗಿ ಅಂದ್ರು! ಎಲ್ಲಾ ಚರ್ಚಿಗೆ ಕೊಟ್ಬಿಟ್ಟೆ.” ಮೇವಿಸ್ ಗಂಡನ ಕಡೆ ನೋಡಲಿಲ್ಲ. ನೋಡದಿರುವುದರಲ್ಲೂ ಅವಳಿಗೆ ಒಂದು ಕಲೆಯಿತ್ತು. ಮನೆಗೆ ಬಂದು ಫ್ರೀಜರಿನ ತಳದಿಂದ ಹಳೆಯ ಜೋಳದ ಕಾಳಿನ ಪೊಟ್ಟಣ ತೆಗೆದು, ಕಲ್ಲಿನಂತೆ ಹೆಪ್ಪುಗಟ್ಟಿದ್ದ ಅದನ್ನು ಮೇಜಿನ ಮೇಲೆ ಟಣ್ ಎಂದು ಇಟ್ಟಳು. ವೆಂಡೆಲ್ ಆ ರಾತ್ರಿ ಊಟ ಸರಿಯಾಗಿ ಮಾಡಲಿಲ್ಲ.

ಭಾನುವಾರ ಬಳಗವೆಲ್ಲ ಬಂತು. ಹಿತ್ತಿಲಲ್ಲಿ ಉದ್ದನೆಯ ಮೇಜು, ಹುರಿದ ಕೋಳಿ, ಆಲೂಗಡ್ಡೆ, ಟೊಮೇಟೊ, ಮೂರು ಬಗೆಯ ಹಣ್ಣಿನ ಪೈ. ಮೇಜಿನ ತಲೆಯಲ್ಲಿ ವೆಂಡೆಲ್‌ನ ಅತ್ತೆ, ತೊಂಬತ್ತು ದಾಟಿದ ಹುಲ್ಡಾ ಅಜ್ಜಿ. ವೆಂಡೆಲ್ ಬರಿಯ ದಂಟುಗಳಿಗೆ ಬೆನ್ನು ಮಾಡಿ ನಿಂತು, ಯಾರಾದರೂ ಜೋಳದ ಮಾತೆತ್ತಿದರೆ ಹವಾಮಾನದ ಬಗ್ಗೆ ಹೇಳುತ್ತಿದ್ದ. ಆಗ ಲೈಲ್‌ನ ಟ್ರಕ್ಕು ಬಂತು. ಲೈಲ್ ಇಳಿದು, ಹೆಗಲ ಮೇಲೆ ಗೋಣಿಚೀಲ ಹೊತ್ತು, ಮೇಜಿನ ಉದ್ದಕ್ಕೂ ಎಲ್ಲರೂ ನೋಡುವಂತೆ ನಡೆದು ಬಂದ.

“ತಂಗಿ ಮನೇಲಿ ಜೋಳ ಇಲ್ಲ ಅಂತ ಊರೆಲ್ಲ ಮಾತಾಡ್ತಿದ್ರು,” ಎಂದ ದೊಡ್ಡ ದನಿಯಲ್ಲಿ. “ಬರಿಗೈಲಿ ಬರೋಕೆ ಮನಸ್ಸಾಗಲಿಲ್ಲ.”

ಹೋ ಎಂದರು ಎಲ್ಲರೂ. ಮಕ್ಕಳು ಚಪ್ಪಾಳೆ ತಟ್ಟಿದರು. ಮೇವಿಸ್ ಒಂದು ಕ್ಷಣ ಚೀಲ ನೋಡಿದಳು, ಒಂದು ಕ್ಷಣ ಫ್ರೀಜರಿನ ಪೊಟ್ಟಣ ನೆನೆದಳು, ತೆಪ್ಪಗೆ ನೀರು ಕುದಿಯಲಿಟ್ಟಳು. ಬೆಂದ ತೆನೆಗಳು ಬೆಣ್ಣೆ ಸುರಿಸಿಕೊಂಡು ಮೇಜಿಗೆ ಬಂದವು. ಶಪಥ ಮಾಡಿದಂತೆಯೇ ಮೇಜಿನ ಮೇಲಿನ ಒಂದೊಂದು ತೆನೆಯೂ ವೆಂಡೆಲ್‌ನ ಹಿತ್ತಿಲದ್ದೇ. ಅದನ್ನು ಹೇಳಿಬಿಡಲು ಅವನು ಎದ್ದು ನಿಂತು, ಗಂಟಲು ಸರಿಮಾಡಿಕೊಂಡ.

“ಸರಿಯಾದ ಹೊತ್ತಿಗೆ ಎದ್ದೆ ವೆಂಡೆಲ್. ಎಲ್ಲರೂ ಎದ್ದು ತಲೆ ಬಗ್ಗಿಸಿ,” ಎಂದರು ಹುಲ್ಡಾ ಅಜ್ಜಿ. “ಪ್ರಾರ್ಥನೆ ಮಾಡೋಣ.”

ಎಲ್ಲರೂ ತಲೆ ಬಗ್ಗಿಸಿದರು. ವೆಂಡೆಲ್ ಬಾಯಿ ಮುಚ್ಚಿದ.

“ಪರಲೋಕದ ತಂದೆಯೇ, ಮಳೆಗೂ ಬಿಸಿಲಿಗೂ ನಿನಗೆ ಸ್ತೋತ್ರ. ನಮ್ಮನ್ನ ಈ ವರ್ಷವೂ ಒಟ್ಟಿಗೆ ಕೂರಿಸಿದ್ದಕ್ಕೆ ಸ್ತೋತ್ರ. ಬೆಳೆಯೋಕೆ ಬಾರದವರ ಮೇಲೂ ದಯೆ ಇಡು ಸ್ವಾಮಿ, ಅವರೂ ಪಾಪ ಪ್ರಯತ್ನ ಪಡ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ, ತಂಗಿಗೆ ಅವಮಾನ ಆಗಬಾರದು ಅಂತ ತನ್ನ ಬಾಯಿಗಿಟ್ಟುಕೊಂಡಿದ್ದ ಜೋಳ ಹೊತ್ಕೊಂಡು ಬಂದ ನನ್ನ ಮಗ ಲೈಲ್‌ನ ಆಶೀರ್ವದಿಸು. ಆಮೆನ್.”

“ಆಮೆನ್,” ಎಂದಿತು ಬಳಗ.

ಯಾರೂ ಕೂರಲಿಲ್ಲ. ಅಜ್ಜಿಯ ಕಣ್ಣು ಇನ್ನೂ ಮುಚ್ಚಿತ್ತು.

“ಒಂದು ಆಮೆನ್ ಕಮ್ಮಿಯಾಯ್ತು,” ಎಂದರು ಅಜ್ಜಿ.

ಮೇವಿಸ್‌ಳ ಹಿಮ್ಮಡಿ ವೆಂಡೆಲ್‌ನ ಕಾಲ್ಬೆರಳ ಮೇಲೆ ಬಂದು ಕೂತಿತು. ಅವಳು ನಗು ತಡೆದುಕೊಂಡು ನಡುಗುತ್ತಿದ್ದಳು, ಆ ನಡುಕ ಅವನ ಬೆರಳಿಗೂ ತಿಳಿಯುತ್ತಿತ್ತು.

“ಆಮೆನ್,” ಎಂದ ವೆಂಡೆಲ್.

ಅವನು ಕಣ್ಣು ತೆರೆಯುವಷ್ಟರಲ್ಲಿ ಲೈಲ್ ಅವನ ತಟ್ಟೆಗೆ ಒಂದು ತೆನೆ ಇಟ್ಟಾಗಿತ್ತು.

“ತಿನ್ನು, ಸಂಕೋಚ ಪಟ್ಕೋಬೇಡ,” ಎಂದ ಲೈಲ್. “ಬೇಕಾದಷ್ಟು ತಂದಿದೀನಿ.”